ನೋಡೋಣಪ್ಪನ ಶಿಷ್ಯೆ

ಲಿಫ್ಟ್ ಕಂಪನಿಯಲ್ಲಿ ಕೂದಲು ನರೆಯುವವರೆಗೆ ಕೆಲಸ ಮಾಡಿಯೂ ಒಂದೇ ಒಂದು ಮಹಡಿ ಮೇಲೇರದ ಮನುಷ್ಯ ಯಾರಾದರೂ ಇದ್ದರೆ ಅದು ನೋಡೋಣಪ್ಪ. ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು, ಅದನ್ನು ಓದುವವನೂ ಅವನೊಬ್ಬನೇ. ಗಿರಾಕಿ ಫೋನ್ ಮಾಡಿ ಲಿಫ್ಟ್ ಕೆಟ್ಟಿದೆ ಅಂದರೆ "ನೋಡೋಣ", ಮೆಕ್ಯಾನಿಕ್ ಬಂದು ಹೊಸ ಬೆಲ್ಟ್ ಬೇಕು ಅಂದರೆ "ನೋಡೋಣ", ಮೇಲಿನವರು ವರದಿ ಯಾವಾಗ ಕೊಡ್ತೀರಿ ಅಂದರೂ "ನೋಡೋಣ". ನೋಡಿದ್ದು ಮಾತ್ರ ಯಾರಿಗೂ ನೆನಪಿಲ್ಲ.

ಅವನದು ನೆಲಮಹಡಿಯ ದೂರು ವಿಭಾಗ. ಮೇಜಿನ ಒಂದು ಪಕ್ಕಕ್ಕೆ ಕಾವಲುಗಾರನ ಕುರ್ಚಿ, ಇನ್ನೊಂದು ಪಕ್ಕಕ್ಕೆ ಗಿರಾಕಿಗಳಿಗೆ ತೋರಿಸಲೆಂದು ನಿಲ್ಲಿಸಿದ ಮಾದರಿ ಲಿಫ್ಟ್. ಆ ಲಿಫ್ಟು ಎಲ್ಲಿಗೂ ಹೋಗುವುದಿಲ್ಲ. ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ, ಒಳಗೆ ದೀಪ ಹತ್ತುತ್ತದೆ, ಅಪಾಯದ ಗುಂಡಿ ಒತ್ತಿದರೆ ಒಳಗಿನವರ ಮಾತು ನೋಡೋಣಪ್ಪನ ಮೇಜಿನ ಮೇಲಿರುವ ಸಣ್ಣ ಸ್ಪೀಕರಿನಲ್ಲಿ ಕೇಳುತ್ತದೆ, ಅಷ್ಟೇ. ಕುಹಕಿಗಳು ಆ ಲಿಫ್ಟನ್ನೂ ನೋಡೋಣಪ್ಪನನ್ನೂ ಅಣ್ಣತಮ್ಮಂದಿರು ಅನ್ನುತ್ತಿದ್ದರು.

ಹಾಗಂತ ಅವನಿಗೆ ಆಸೆ ಇರಲಿಲ್ಲ ಅಂದುಕೊಳ್ಳಬೇಡಿ. ನಾಲ್ಕನೇ ಮಹಡಿಯಲ್ಲಿ ವಿಭಾಗದ ಮುಖ್ಯಸ್ಥರ ಕೋಣೆಯಿತ್ತು. ಅದಕ್ಕೆ ಸ್ವಂತ ಬಾಗಿಲು, ಬಾಗಿಲಿನ ಮೇಲೆ ಹೆಸರಿನ ಫಲಕ, ಹಿಂದಕ್ಕೆ ಒರಗಿದರೆ ಒರಗುವ ಕುರ್ಚಿ. ಅದರಲ್ಲಿ ಕೂರುತ್ತಿದ್ದವರು ಸದ್ಯದಲ್ಲೇ ನಿವೃತ್ತರಾಗುವವರಿದ್ದರು. ತನ್ನ ನಂತರ ಸೇರಿದವರೆಲ್ಲ ಒಬ್ಬೊಬ್ಬರಾಗಿ ತನ್ನ ಕಣ್ಣೆದುರೇ ಮೇಲೆ ಹೋದದ್ದನ್ನು ಕಂಡ ನೋಡೋಣಪ್ಪನಿಗೆ ಈ ಒಂದು ಕೋಣೆ ಸಿಕ್ಕಿಬಿಟ್ಟರೆ ಜನ್ಮ ಸಾರ್ಥಕ ಅನ್ನಿಸಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು.

ಹೀಗಿರುವಾಗ ಕಂಪನಿಯ ದೊಡ್ಡ ಮೇಡಮ್ ಒಂದು ಹೊಸ ಯೋಜನೆ ತಂದರು. ಕಾಲೇಜು ಮುಗಿಸಿ ನೇರವಾಗಿ ಬರುವ ಹುಡುಗ ಹುಡುಗಿಯರಿಗೆ ಆಫೀಸಿನ ರೀತಿನೀತಿ ತಿಳಿಯುವುದಿಲ್ಲ, ಆದ್ದರಿಂದ ಪ್ರತಿಯೊಬ್ಬರಿಗೂ ಒಬ್ಬ ಹಿರಿಯರು ಜೊತೆಗಿದ್ದು ಬುದ್ಧಿ ಹೇಳಬೇಕು ಎಂದು. ಹಿರಿಯರೆಲ್ಲ ನುಣುಚಿಕೊಂಡರು. ಒಬ್ಬರಿಗೆ ಬೆನ್ನುನೋವು, ಒಬ್ಬರಿಗೆ ವರ್ಷದ ಕೊನೆಯ ಕೆಲಸ, ಇನ್ನೊಬ್ಬರು ತಮಗೇ ಯಾರಾದರೂ ಬುದ್ಧಿ ಹೇಳಲಿ ಎಂದು ಕಾಯುತ್ತಿದ್ದವರು. ನೋಡೋಣಪ್ಪ ಆ ಹೊತ್ತಿಗೆ ಚಹಾ ಕುಡಿಯಲು ಹೋಗಿದ್ದ. ಇಲ್ಲದವನ ತಲೆಗೆ ಕಟ್ಟುವುದು ಸುಲಭ, ಕಟ್ಟಿಯೇಬಿಟ್ಟರು. ಅದಾದ ಮೇಲೆ ಮೇಡಮ್ ಇನ್ನೊಂದು ಮಾತು ಸೇರಿಸಿದರು: ಯಾರ ಕೈಯಲ್ಲಿ ಹೊಸಬರು ಚೆನ್ನಾಗಿ ತಯಾರಾಗುತ್ತಾರೋ, ಖಾಲಿಯಾಗುವ ನಾಲ್ಕನೇ ಮಹಡಿಯ ಕೋಣೆಗೆ ಅವರನ್ನೇ ಮೊದಲು ಪರಿಗಣಿಸಲಾಗುವುದು. ಇದು ಮುಂಚೆಯೇ ಗೊತ್ತಿದ್ದರೆ ಬೆನ್ನುನೋವಿನವರು ಎದ್ದು ಕುಣಿಯುತ್ತಿದ್ದರು.

ನೋಡೋಣಪ್ಪನ ಪಾಲಿಗೆ ಬಂದವಳು ಒಬ್ಬ ತೆಳ್ಳನೆಯ ಹುಡುಗಿ. ಇಸ್ತ್ರಿ ಮಾಡಿದ ಅಂಗಿ, ಕಚ್ಚುವ ಹೊಸ ಚಪ್ಪಲಿ, ಹೆಗಲಿಗೆ ಅವಳಿಗಿಂತ ದೊಡ್ಡ ಚೀಲ. ಆರು ತಿಂಗಳ ಪರೀಕ್ಷಾ ಅವಧಿ ದಾಟಿದರೆ ಕೆಲಸ ಕಾಯಂ, ಇಲ್ಲವಾದರೆ ಮನೆಗೆ. ಅವಳನ್ನು ಎದುರಿಗೆ ಕೂರಿಸಿಕೊಂಡು ನೋಡೋಣಪ್ಪ ಗಂಟಲು ಸರಿಮಾಡಿಕೊಂಡ. ಇಷ್ಟು ವರ್ಷ ಎದೆಯಲ್ಲಿ ಕೂಡಿಟ್ಟದ್ದನ್ನೆಲ್ಲ ಸುರಿಯಲು ಕೊನೆಗೂ ಒಂದು ಪಾತ್ರೆ ಸಿಕ್ಕಿತ್ತು.

"ನೋಡಮ್ಮ, ಕಾಲೇಜಲ್ಲಿ ಕಲಿತಿದ್ದನ್ನ ಗೇಟಿನ ಹತ್ರಾನೇ ಬಿಟ್ಟು ಬಾ. ಇಲ್ಲಿ ಪ್ರಶ್ನೆ ಮಾತ್ರ ಕೇಳಲೇಬೇಡ. ಕೇಳಿದ್ರೆ ನಿನಗೆ ಗೊತ್ತಿಲ್ಲ ಅನ್ನೋದು ಎಲ್ಲರಿಗೂ ಗೊತ್ತಾಗುತ್ತೆ."

"ಸರಿ ಸರ್."

"ಮೆಕ್ಯಾನಿಕ್‌ಗಳ ಜೊತೆ ಕೂತು ಊಟ ಮಾಡ್ಬೇಡ. ಮೇಲೆ ಹೋಗ್ಬೇಕು ಅನ್ನೋರು ಮೇಲಿನವರ ಜೊತೆ ಕೂರ್ಬೇಕು."

"ನೀವು ಯಾರ ಜೊತೆ ಕೂರ್ತೀರಿ ಸರ್?"

"ನಾನಾ? ನಾನು ಒಬ್ಬನೇ ಕೂರ್ತೀನಿ," ಎಂದ ನೋಡೋಣಪ್ಪ, ಆ ಪ್ರಶ್ನೆಯನ್ನು ಅಲ್ಲಿಗೇ ತಳ್ಳಿ ಮುಂದೆ ಹೋದ. "ಆಮೇಲೆ ಈ ಫೋನು. ರಿಂಗಾದ ತಕ್ಷಣ ಎತ್ಬಿಟ್ರೆ ನಮಗೆ ಬೇರೆ ಕೆಲಸ ಇಲ್ಲ ಅಂದ್ಕೋತಾರೆ. ರಿಂಗಾಗ್ಲಿ ಬಿಡು. ನಿಜವಾಗ್ಲೂ ಕಷ್ಟ ಇದ್ದೋರು ಮತ್ತೆ ಮಾಡ್ತಾರೆ. ಇನ್ನು, ಏನಾದ್ರೂ ತಪ್ಪಾಯ್ತು ಅಂದ್ಕೋ, ಒಪ್ಕೋಬೇಡ. ವೋಲ್ಟೇಜ್ ಏರುಪೇರು ಅಂದ್ಬಿಡು. ವೋಲ್ಟೇಜ್ ಮೇಲೆ ಗೂಬೆ ಕೂರಿಸಿದ್ರೆ ಅದೇನು ಬಂದು ಜಗಳ ಆಡಲ್ಲ."

ಹುಡುಗಿ ಪ್ರತಿ ಮಾತಿಗೂ ತಲೆಯಾಡಿಸಿದಳು. ಎದ್ದು ಹೋಗುವಾಗ "ತುಂಬಾ ಉಪಯೋಗ ಆಯ್ತು ಸರ್, ನಾಳೆನೂ ಬರ್ಲಾ?" ಎಂದು ಕೇಳಿದಳು. ನೋಡೋಣಪ್ಪನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ತನ್ನ ಮಾತನ್ನು ಒಂದು ದಿನ ಕೇಳಿದವರು ಎರಡನೇ ದಿನ ಬಂದದ್ದು ಅವನ ಅನುಭವದಲ್ಲಿ ಇರಲಿಲ್ಲ.

ಹೆಂಡತಿ ಒಬ್ಬಳು ಮಾತ್ರ ಎಲ್ಲದಕ್ಕೂ ಅವನನ್ನು ಕೇಳುತ್ತಿದ್ದಳು, ಅದು ನಿಜ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರವಿಟ್ಟುಕೊಂಡು ಬೀದಿಯ ಅರ್ಧ ಜನಕ್ಕೆ ಬಟ್ಟೆ ಹೊಲಿಯುತ್ತಿದ್ದ ಅವಳು, ಬಾಗಿಲಿಗೆ ಯಾವ ಬಣ್ಣ ಬಳಿಸಲಿ ಎಂಬುದರಿಂದ ಹಿಡಿದು ಎಲ್ಲದಕ್ಕೂ "ರೀ, ನೀವೇನಂತೀರಿ?" ಎನ್ನುವಳು. ಕೇಳುವುದು ಕೇಳಿ ಆಮೇಲೆ ತನಗೆ ತೋಚಿದ್ದನ್ನು ಮಾಡುವಳು. ಹಟಮಾರಿ ಹೆಂಗಸು ಎಂದು ನೋಡೋಣಪ್ಪ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದನ್ನು ಬಿಟ್ಟಿದ್ದ. ಈಗ ಅವಳೆದುರು ಎದೆಯುಬ್ಬಿಸಿ ಹೇಳಿದ: "ಒಬ್ಬಳು ಹುಡುಗಿ ಸಿಕ್ಕಿದಾಳೆ ನೋಡು, ನಾನು ಹೇಳಿದ್ದು ಒಂದಕ್ಷರ ಬಿಡದೆ ಕೇಳಿಸ್ಕೋತಾಳೆ."

"ಕೇಳಿಸ್ಕೊಳ್ಳಲಿ ಪಾಪ, ಒಳ್ಳೇದೇ," ಎಂದಳು ಹೆಂಡತಿ, ಸೂಜಿಗೆ ದಾರ ಪೋಣಿಸುತ್ತ.

ಹುಡುಗಿ ದಿನಾ ಬಂದಳು. ಗಿರಾಕಿಯ ಮನೆಗೆ ಹೋಗುವ ಮುಂಚೆ ಬಂದಳು, ಮೀಟಿಂಗಿಗೆ ಮುಂಚೆ ಬಂದಳು, ಮೇಲಿನವರ ಜೊತೆ ಚಿಕ್ಕದೊಂದು ಭಿನ್ನಾಭಿಪ್ರಾಯ ಬಂದಾಗಲೂ ಬಂದಳು. ಎರಡು ತಿಂಗಳು ತುಂಬುವಷ್ಟರಲ್ಲಿ ಅವಳ ಹೆಸರು ಮೇಲಿನ ಮಹಡಿಗಳಲ್ಲೆಲ್ಲ ಓಡಾಡತೊಡಗಿತು. ಒಂದು ದಿನ ಮೇಡಮ್ ಹೊರಗೆ ಹೊರಟವರು ನೋಡೋಣಪ್ಪನ ಮೇಜಿನ ಹತ್ತಿರ ನಿಂತರು. ಹಿಂದೆಂದೂ ನಿಂತವರಲ್ಲ.

"ಆ ಹುಡುಗಿ ಚೆನ್ನಾಗಿ ತಯಾರಾಗ್ತಿದಾಳೆ ಕಣ್ರೀ. ಎಲ್ಲಾ ನಿಮ್ಮ ಕೈಗುಣ."

ಅವತ್ತಿನಿಂದ ನೋಡೋಣಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎರಡು ಹೊಸ ಅಂಗಿ ಹೊಲಿಸಿಕೊಂಡ. ನಾಲ್ಕನೇ ಮಹಡಿಗೆ ಏನೋ ಕೆಲಸದ ನೆಪ ಮಾಡಿಕೊಂಡು ಹೋಗಿ ಆ ಕೋಣೆಯ ಬಾಗಿಲಿನ ಅಗಲವನ್ನು ಕಣ್ಣಲ್ಲೇ ಅಳೆದುಬಂದ. ಬೇರೆಯವರ ಕೈಕೆಳಗಿದ್ದ ಹೊಸಬರೂ ಒಬ್ಬೊಬ್ಬರಾಗಿ ಅವನ ಮೇಜಿನ ಸುತ್ತ ಸೇರತೊಡಗಿದರು. ಊಟ ಮುಗಿದ ಮೇಲೆ ಅಲ್ಲೊಂದು ಪಾಠಶಾಲೆಯೇ ನಡೆಯುತ್ತಿತ್ತು.

ಅಂಥದೇ ಒಂದು ಮಧ್ಯಾಹ್ನ ಅವನು ಫೋನಿನ ಪಾಠ ಹೇಳುತ್ತಿದ್ದಾಗಲೇ ಮೇಜಿನ ಮೇಲಿನ ಫೋನು ರಿಂಗಾಯಿತು. ಹುಡುಗನೊಬ್ಬ ಕೈಚಾಚಿದ. ನೋಡೋಣಪ್ಪ ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

"ಅರ್ಜೆಂಟ್ ಮಾಡ್ಬೇಡಪ್ಪ. ಸುಮ್ನೆ ನೋಡ್ತಿರು."

ಫೋನು ರಿಂಗಾಯಿತು, ನಿಂತಿತು, ಮತ್ತೆ ರಿಂಗಾಯಿತು, ಮತ್ತೆ ನಿಂತಿತು. ಮೂರನೇ ಸಲ ಬಹಳ ಹೊತ್ತು ರಿಂಗಾಗಿ ಸುಮ್ಮನಾಯಿತು. ನೋಡೋಣಪ್ಪ ಗೆದ್ದವನ ಹಾಗೆ ಎಲ್ಲರ ಮುಖ ನೋಡಿದ.

"ಆಯ್ತಾ? ಏನೋ ಸಣ್ಣಪುಟ್ಟ ತೊಂದ್ರೆ, ತಾನೇ ಸರಿಹೋಯ್ತು. ಇದಕ್ಕೇ ಅನುಭವ ಅನ್ನೋದು."

ಆ ವಾರದ ಕೊನೆಯಲ್ಲಿ ಅವನಿಗೆ ಇನ್ನೊಂದು ಅನುಭವವಾಯಿತು. ಆ ಆಫೀಸಿನಲ್ಲಿ ಗುಟ್ಟು ಮಾತಾಡಲು ಜಾಗವೇ ಇರಲಿಲ್ಲ, ಎಲ್ಲಾ ಕಡೆ ಗಾಜಿನ ಗೋಡೆ. ಹಾಗಾಗಿ ಹೊಸ ಹುಡುಗಿಯರು ಮಾದರಿ ಲಿಫ್ಟಿನೊಳಗೆ ಹೋಗಿ ಬಾಗಿಲು ಹಾಕಿಕೊಂಡು ಹರಟುತ್ತಿದ್ದರು. ಅವತ್ತು ಅವನ ಶಿಷ್ಯೆಯೂ ಅವಳ ಗೆಳತಿಯೊಬ್ಬಳೂ ಒಳಗೆ ಸೇರಿಕೊಂಡರು. ಶಿಷ್ಯೆಯ ದೊಡ್ಡ ಚೀಲ ಅಪಾಯದ ಗುಂಡಿಗೆ ಒತ್ತಿಕೊಂಡಿತು. ನೋಡೋಣಪ್ಪನ ಮೇಜಿನ ಸ್ಪೀಕರು ಗೊರಗೊರ ಎಂದು ಮಾತಾಡತೊಡಗಿತು.

"ನಿನ್ನ ಅದೃಷ್ಟ ಕಣೇ," ಎನ್ನುತ್ತಿದ್ದಳು ಗೆಳತಿ. "ನಮ್ಮ ಸರ್ ಒಂದಿನ ಸರಿ ಹೇಳ್ತಾರೆ, ಒಂದಿನ ತಪ್ಪು ಹೇಳ್ತಾರೆ. ಯಾವುದನ್ನ ನಂಬೋದು?"

"ನಮ್ಮ ಸರ್ ಹಾಗಲ್ಲಪ್ಪ. ಒಂದು ಸಲಾನೂ ಕೈಕೊಟ್ಟಿಲ್ಲ."

ನೋಡೋಣಪ್ಪ ಕಾಲರು ಸರಿಮಾಡಿಕೊಂಡು ಸ್ಪೀಕರಿನ ಹತ್ತಿರ ಕಿವಿ ತಂದ.

"ಅವರು ಏನು ಹೇಳ್ತಾರೋ ಅದಕ್ಕೆ ಸರಿಯಾಗಿ ಉಲ್ಟಾ ಮಾಡಿದ್ರೆ ಮುಗೀತು. ಮೊದಲನೇ ವಾರ ಅವರು ಹೇಳಿದ ಹಾಗೇ ಮಾಡ್ದೆ, ಎಲ್ಲರ ಹತ್ರ ಬೈಸಿಕೊಂಡೆ. ಒಂದಿನ ಗಡಿಬಿಡೀಲಿ ಮರೆತು ಮೀಟಿಂಗಲ್ಲಿ ಪ್ರಶ್ನೆ ಕೇಳ್ಬಿಟ್ಟೆ, ಮೇಡಮ್ ಹೊಗಳಿದ್ರು. ಮೆಕ್ಯಾನಿಕ್‌ಗಳ ಜೊತೆ ಊಟಕ್ಕೆ ಕೂತೆ, ಲಿಫ್ಟ್ ಹೇಗೆ ಕೆಲಸ ಮಾಡುತ್ತೆ ಅಂತ ಅಲ್ಲೇ ಕಲಿತೆ. ಅವತ್ತಿಂದ ಏನೇ ಮಾಡೋದಿದ್ರೂ ಮೊದಲು ಹೋಗಿ ಅವರನ್ನ ಕೇಳ್ಬಿಡ್ತೀನಿ. ಅಂಥಾ ನಂಬಿಕಸ್ಥ ಮನುಷ್ಯ ಈ ಕಟ್ಟಡದಲ್ಲೇ ಇಲ್ಲ ಕಣೇ."

ಗೆಳತಿ ನಕ್ಕಳು. ಶಿಷ್ಯೆ ನಗಲಿಲ್ಲ. "ನಗಬೇಡ ಕಣೇ, ಪಾಪ. ನನಗೋಸ್ಕರ ಅಷ್ಟು ಹೊತ್ತು ಕೂತು ಹೇಳ್ತಾರೆ. ನಮ್ಮನೇಲಿ ಯಾರೂ ಹಾಗೆ ಕೂತು ಹೇಳಿಲ್ಲ," ಎಂದಳು.

ಬಾಗಿಲು ತೆರೆಯಿತು, ಇಬ್ಬರೂ ಹೊರಗೆ ಬಂದರು. ಶಿಷ್ಯೆ ಎಂದಿನಂತೆ "ನಮಸ್ಕಾರ ಸರ್" ಎಂದು ಮೇಲೆ ಹೋದಳು. ನೋಡೋಣಪ್ಪ ಬೆಪ್ಪಾಗಿ ಕುಳಿತಿದ್ದ. ಬೈದಿದ್ದರೆ ಬೈದಳು ಅಂದುಕೊಳ್ಳಬಹುದಿತ್ತು. ಅವಳು ಹೊಗಳಿದ್ದಳು, ಅದೇ ನೋವಾದದ್ದು.

ಮನೆಗೆ ಹೋಗಿ ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಹೊಲಿಗೆ ನಿಲ್ಲಿಸಿದಳು. ಮೊದಲು ಸೆರಗು ಬಾಯಿಗೆ ಒತ್ತಿಕೊಂಡಳು, ಆಮೇಲೆ ಅದೂ ಸಾಲದೆ ಹೊಲಿಯುತ್ತಿದ್ದ ಬಟ್ಟೆಯನ್ನೇ ಮುಖಕ್ಕೆ ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ನಗೋದಕ್ಕೇನಿದೆ ಇದರಲ್ಲಿ?"

"ಆ ಹುಡುಗಿ ಎರಡೇ ತಿಂಗಳಲ್ಲಿ ಕಂಡುಹಿಡಿದಳಲ್ಲಾ ಅಂತ. ನನಗೆ ಒಂದು ವರ್ಷ ಬೇಕಾಯ್ತು."

"ಅಂದ್ರೆ?"

"ಅಂದ್ರೆ ಏನ್ರೀ. ಈ ಮನೆ ಬೇಡ ಅಂದ್ರಿ, ತಗೊಂಡ್ವಿ. ಹೊಲಿಗೆ ಮಷಿನ್ ದಂಡ ಅಂದ್ರಿ, ತಂದೆ. ಮಗನ್ನ ಲೆಕ್ಕಪತ್ರ ಓದಿಸು ಅಂದ್ರಿ, ಅಡುಗೆ ಕಲಿಯೋಕೆ ಕಳಿಸ್ದೆ, ಇವತ್ತು ದೊಡ್ಡ ಹೋಟೆಲಲ್ಲಿ ಹತ್ತು ಜನರ ಮೇಲೆ ಯಜಮಾನಿಕೆ ಮಾಡ್ತಿದಾನೆ. ಈ ಸಂಸಾರ ಹೇಗೆ ನಿಂತಿದೆ ಅಂದ್ಕೊಂಡಿದ್ರಿ?"

"ಹಾಗಿದ್ರೆ ನನ್ನ ಕೇಳ್ತಿದ್ದದ್ದು ಯಾಕೆ?"

"ಕೇಳದೆ ಹೇಗ್ರೀ ಗೊತ್ತಾಗುತ್ತೆ?" ಎಂದಳು ಅವಳು, ನಿಜವಾಗಿಯೂ ಆಶ್ಚರ್ಯಪಟ್ಟು.

ನೋಡೋಣಪ್ಪ ಹೊಲಿಗೆ ಯಂತ್ರದ ಪಕ್ಕದಲ್ಲಿ ಕುಳಿತ. ಆಮೇಲೆ ಮೆಲ್ಲಗೆ ಕೇಳಿದ: "ಒಂದೇ ಒಂದು ಸಲಾನಾದ್ರೂ ನಾನು ಹೇಳಿದ್ದು ಸರಿ ಇರ್ಲಿಲ್ವಾ?"

ಹೆಂಡತಿಗೆ ಅಯ್ಯೋ ಅನ್ನಿಸಿತು. ಪ್ರಾಮಾಣಿಕವಾಗಿ ಯೋಚಿಸಿದಳು. "ನನ್ನ ಮದುವೆ ಆಗ್ತೀನಿ ಅಂದ್ರಲ್ಲ, ಅದು," ಎಂದಳು. ಸ್ವಲ್ಪ ಹೊತ್ತಿನ ಮೇಲೆ, ಸುಳ್ಳು ಹೇಳುವುದು ಅವಳ ಜಾಯಮಾನವಲ್ಲವಾದ್ದರಿಂದ, "ಅದೂ ನಿಮ್ಮಪ್ಪ ಹೇಳಿಕೊಟ್ಟಿದ್ದು ಅನ್ನಿ," ಎಂದು ಸೇರಿಸಿದಳು.

ಕೋಣೆಯ ಆಸೆ ಒಂದು ಕಡೆ ಹಾಗೇ ಇತ್ತು. ಅದರ ಪಕ್ಕದಲ್ಲಿ ಈಗ ಇನ್ನೊಂದು ಆಸೆ ಬಂದು ಕುಳಿತಿತು. ಸಾಯುವುದರೊಳಗೆ ಒಂದು ಸಲ, ಒಂದೇ ಒಂದು ಸಲ, ತಾನು ಸರಿಯಾದದ್ದನ್ನು ಹೇಳಬೇಕು, ಕೇಳಿದವರು ಅದನ್ನು ಹೇಳಿದ ಹಾಗೇ ಮಾಡಬೇಕು.

ಅವಕಾಶ ಬೇಗ ಬಂತು. ಮೇಡಮ್ ಗುರುಶಿಷ್ಯರಿಬ್ಬರನ್ನೂ ಕರೆಸಿದರು. ಊರಿನ ದೊಡ್ಡದೊಂದು ವಸತಿ ಸಮುಚ್ಚಯದ ಅಷ್ಟೂ ಲಿಫ್ಟುಗಳನ್ನು ನೋಡಿಕೊಳ್ಳುವ ಗುತ್ತಿಗೆ ಕಂಪನಿಯದ್ದೇ ಆಗಿತ್ತು. ಕಳೆದ ವಾರ ಒಂದು ಮಧ್ಯಾಹ್ನ ಅಲ್ಲಿನ ಸಂಘದ ಅಧ್ಯಕ್ಷೆ, ನಿವೃತ್ತ ಮುಖ್ಯೋಪಾಧ್ಯಾಯಿನಿ, ತರಕಾರಿ ಚೀಲದ ಸಮೇತ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿದ್ದರು. ಮೂರು ಸಲ ದೂರು ವಿಭಾಗಕ್ಕೆ ಫೋನ್ ಮಾಡಿದರೂ ಯಾರೂ ಎತ್ತಲಿಲ್ಲ. ಕೊನೆಗೆ ಕಾವಲಿನವರು ಬಾಗಿಲು ಮೀಟಿ ಅವರನ್ನು ಹೊರಗೆಳೆದರು. ಈಗ ಗುತ್ತಿಗೆ ರದ್ದು ಮಾಡಲು ನಾಳೆ ಬೆಳಿಗ್ಗೆ ಖುದ್ದು ಬರುತ್ತಾರಂತೆ.

"ಫೋನ್ ಯಾಕೆ ಎತ್ತಲಿಲ್ಲ?" ಎಂದರು ಮೇಡಮ್.

ನೋಡೋಣಪ್ಪ ಅಭ್ಯಾಸದಂತೆ ಶುರುಮಾಡಿದ. "ನೋಡೋಣ ಮೇಡಮ್. ಲೈನಲ್ಲಿ ಏನಾದ್ರೂ ವೋಲ್ಟೇಜ್..."

ಮೇಡಮ್ ಅವನ ಮಾತನ್ನು ಪೂರ್ತಿ ಕೇಳದೆ ಹುಡುಗಿಯ ಕಡೆ ತಿರುಗಿದರು. "ನಾಳೆ ಅವರ ಹತ್ರ ನೀನೇ ಮಾತಾಡು. ಗುತ್ತಿಗೆ ಉಳಿದ್ರೆ ನಿನ್ನ ಕೆಲಸ ಕಾಯಂ, ಆರು ತಿಂಗಳು ಕಾಯೋದು ಬೇಡ. ಹೋದ್ರೆ ನಾನೂ ಏನೂ ಮಾಡೋಕಾಗಲ್ಲ." ಮತ್ತೆ ನೋಡೋಣಪ್ಪನ ಕಡೆ ನೋಡಿ, "ಕೋಣೆ ವಿಚಾರಾನೂ ನಾಳೆನೇ ತೀರ್ಮಾನ ಮಾಡ್ತೀನಿ," ಎಂದರು.

ಮರುದಿನ ಬೆಳಿಗ್ಗೆ ಹುಡುಗಿ ಎಂದಿನಂತೆ ಬಂದು ಎದುರಿಗೆ ಕುಳಿತಳು. ಮುಖ ಬಿಳಿಚಿಕೊಂಡಿತ್ತು. "ಸರ್, ಏನು ಹೇಳ್ಲಿ ಅವರಿಗೆ?"

ನೋಡೋಣಪ್ಪ ಬಸ್ಸಿನಲ್ಲಿ ಬರುವಾಗ ಇದನ್ನೇ ಯೋಚಿಸಿದ್ದ. ನಾಲಿಗೆಯ ತುದಿಗೆ ತಾನಾಗಿ ಬಂದದ್ದು ವೋಲ್ಟೇಜ್. ಅದನ್ನು ಹಿಂದಕ್ಕೆ ತಳ್ಳಿದ. ಇಷ್ಟು ದಿನ ತಾನು ಹೇಳಿದ್ದರ ಉಲ್ಟಾ ಯಾವುದೋ ಅದೇ ಸರಿಯಾದದ್ದು, ಅಲ್ಲವೇ? ಹಾಗಾದರೆ ಇವತ್ತು ಅದನ್ನೇ ಹೇಳುವುದು.

"ನೋಡಮ್ಮ," ಎಂದ, ಹೊಸ ಧ್ವನಿಯಲ್ಲಿ. "ಸುತ್ತಿಬಳಸಿ ಏನೂ ಹೇಳ್ಬೇಡ. ತಪ್ಪು ನಮ್ಮದೇ ಅಂತ ನೇರವಾಗಿ ಒಪ್ಕೋ. ಕ್ಷಮೆ ಕೇಳು. ವೋಲ್ಟೇಜ್ ಗೀಲ್ಟೇಜ್ ಅಂತ ಬಾಯೇ ಬಿಡ್ಬೇಡ."

ಹುಡುಗಿ ಒಂದು ಕ್ಷಣ ಅವನನ್ನೇ ನೋಡಿದಳು. ಆಮೇಲೆ ಅವಳ ಮುಖದ ಮೇಲೆ ನೆಮ್ಮದಿ ಮೂಡಿತು. "ಸರಿ ಸರ್, ತುಂಬಾ ಉಪಯೋಗ ಆಯ್ತು," ಎಂದು ಎದ್ದು ಕಟ್ಟಡದ ನಿಜವಾದ ಲಿಫ್ಟಿನಲ್ಲಿ ಮೇಲೆ ಹೋದಳು.

ನೋಡೋಣಪ್ಪ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ. ಜೀವಮಾನದಲ್ಲಿ ಮೊದಲ ಸಲ ಸರಿಯಾದ ಸಲಹೆ ಕೊಟ್ಟ ಸುಖ ಮೈಯೆಲ್ಲ ಹರಿದಾಡಿತು. ಆ ಸುಖದಲ್ಲೇ ಎಲ್ಲೋ ಒಂದು ಮುಳ್ಳು ಚುಚ್ಚಿತು. ಹುಡುಗಿ ತಾನು ಹೇಳಿದ್ದಕ್ಕೆ ಉಲ್ಟಾ ಮಾಡುತ್ತಾಳೆ. ಇವತ್ತೂ ಮಾಡುತ್ತಾಳೆ. ತಾನು ಒಪ್ಪಿಕೋ ಎಂದಿದ್ದೇನೆ, ಹಾಗಾದರೆ ಅವಳು ಮೇಲೆ ಹೋಗಿ ಹೇಳುವುದು...

ಎದ್ದವನೇ ಲಿಫ್ಟಿನ ಗುಂಡಿ ಒತ್ತಿದ. ಲಿಫ್ಟು ಏಳನೇ ಮಹಡಿಯಲ್ಲಿ ಯಾರದೋ ಪೆಟ್ಟಿಗೆಗಳನ್ನು ಹತ್ತಿಸಿಕೊಳ್ಳುತ್ತ ನಿಂತಿತ್ತು. ಇನ್ನೊಂದು ಸಲ ಒತ್ತಿದ, ಗುದ್ದಿದ, ಲಿಫ್ಟ್ ಮಾಡಿದವರನ್ನು ಬೈದ. ಮಾಡಿದ್ದು ತಮ್ಮ ಕಂಪನಿಯೇ ಎಂಬುದು ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಕಾವಲುಗಾರನನ್ನು ಕೇಳಿದ: "ಮೆಟ್ಟಿಲು ಎಲ್ಲಿದೆ ಮಾರಾಯ?" ಅಷ್ಟು ವರ್ಷ ಅಲ್ಲಿ ಕೆಲಸ ಮಾಡಿದವನಿಗೆ ಆ ಕಟ್ಟಡದ ಮೆಟ್ಟಿಲು ಗೊತ್ತಿರಲಿಲ್ಲ. ಕಾವಲುಗಾರ ತೋರಿಸಿದ ಬಾಗಿಲು ದೂಡಿ ಹತ್ತತೊಡಗಿದ. ಹೊಸ ಅಂಗಿ ಬೆನ್ನಿಗೆ ಅಂಟಿತು, ಮೂರನೇ ಮಹಡಿಯಲ್ಲಿ ಮೊಣಕಾಲು ಕೈಕೊಟ್ಟಿತು, ಮೆಟ್ಟಿಲಿನ ಕಂಬಿ ಹಿಡಿದು ಮೈ ಎಳೆದುಕೊಂಡು ಮೇಲೆ ಹೋದ. ಆ ಹೊತ್ತಿನಲ್ಲಿ ಕೋಣೆ ನೆನಪಿಗೆ ಬರಲಿಲ್ಲ ಎಂದರೆ ನೀವು ನಂಬುವುದಿಲ್ಲ, ಆದರೆ ಬರಲಿಲ್ಲ. ಹುಡುಗಿಯ ಕಚ್ಚುವ ಚಪ್ಪಲಿ ನೆನಪಿಗೆ ಬಂತು.

ಮೀಟಿಂಗ್ ಕೋಣೆಯಲ್ಲಿ ಉದ್ದನೆಯ ಮೇಜಿನ ಆ ತುದಿಗೆ ಮೇಡಮ್, ಈ ತುದಿಗೆ ಬೆನ್ನು ನೆಟ್ಟಗೆ ಮಾಡಿಕೊಂಡ ಮುಖ್ಯೋಪಾಧ್ಯಾಯಿನಿ. ಹುಡುಗಿ ಎದ್ದು ನಿಂತು ಹೇಳುತ್ತಿದ್ದಳು: "ಮೇಡಮ್, ಅವತ್ತು ಏನಾಯ್ತು ಅಂದ್ರೆ, ವೋಲ್..."

"ತಪ್ಪು ನಂದು," ಎಂದ ನೋಡೋಣಪ್ಪ ಬಾಗಿಲಲ್ಲಿ.

ಎಲ್ಲರೂ ತಿರುಗಿದರು. ಅವನು ಏದುಸಿರು ಬಿಡುತ್ತಿದ್ದ. ಕುರ್ಚಿಯೊಂದರ ಬೆನ್ನು ಹಿಡಿದು ನಿಂತು, ಸಿಕ್ಕ ಉಸಿರಿನಲ್ಲಿ ಸಿಕ್ಕಷ್ಟು ಹೇಳಿದ.

"ಅಮ್ಮ, ಫೋನು ನನ್ನ ಮೇಜಿನ ಮೇಲೇ ಇತ್ತು. ನಾನು ಅದರ ಮುಂದೇ ಕೂತಿದ್ದೆ. ಹುಡುಗರಿಗೆ ಬುದ್ಧಿ ಹೇಳ್ತಿದ್ದೆ, ಫೋನ್ ಎತ್ಬಾರ್ದು ಅಂತ. ನೀವು ಲಿಫ್ಟೊಳಗೆ ಸಿಕ್ಕಿಕೊಂಡು ಫೋನ್ ಮಾಡ್ತಿದ್ರಿ, ನಾನು ಅದನ್ನ ಹುಡುಗರಿಗೆ ಪಾಠ ಅಂತ ತೋರಿಸ್ತಿದ್ದೆ. ವೋಲ್ಟೇಜೂ ಇಲ್ಲ ಏನೂ ಇಲ್ಲ. ಈ ಹುಡುಗಿದು ಏನೂ ತಪ್ಪಿಲ್ಲ. ಅವಳು ಒಂದೇ ರಿಂಗಿಗೆ ಫೋನ್ ಎತ್ತೋಳು."

ಮುಖ್ಯೋಪಾಧ್ಯಾಯಿನಿ ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. ಎಷ್ಟೋ ತಲೆಮಾರಿನ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ ನೋಟ ಅದು.

"ಕೂತ್ಕೊಳ್ಳಿ," ಎಂದರು. "ಇಷ್ಟು ವರ್ಷದಲ್ಲಿ ಈ ಕಂಪನಿಯಿಂದ ನನಗೆ ವೋಲ್ಟೇಜ್ ಅಂತ ಹೇಳ್ದೆ ಇರೋ ಮೊದಲನೇ ಮನುಷ್ಯ ನೀವು. ಇನ್ನೊಂದು ಸಲ ಹೀಗಾದ್ರೆ ನಾನು ನಿಮ್ಮನ್ನ ಅದೇ ಲಿಫ್ಟಲ್ಲಿ ಕೂರಿಸ್ತೀನಿ." ಆಮೇಲೆ ಹುಡುಗಿಯ ಕಡೆ ತಿರುಗಿ, ಇನ್ನು ಮುಂದೆ ಸಮುಚ್ಚಯದ ಫೋನುಗಳು ನೇರ ಇವಳಿಗೇ ಬರಬೇಕು, ಹಾಗಾದರೆ ಗುತ್ತಿಗೆ ಇರಲಿ ಎಂದರು.

ಹೊರಗೆ ಕಾರಿಡಾರಿನಲ್ಲಿ ಹುಡುಗಿ ಅವನಿಗೆ ನೀರಿನ ಲೋಟ ಕೊಟ್ಟಳು. ಕಣ್ಣು ತುಂಬಿತ್ತು. "ನನಗೂ ಒಪ್ಕೊಳ್ಳೋದೇ ಸರಿ ಅನ್ನಿಸಿತ್ತು ಸರ್. ಆದ್ರೆ ನೀವೂ ಅದನ್ನೇ ಹೇಳಿದ್ರಲ್ಲ, ಹೆದರಿಕೆ ಆಯ್ತು," ಎಂದಳು. ಹೇಳಿದ ಮೇಲೆ ತಾನು ಏನು ಹೇಳಿಬಿಟ್ಟೆ ಎಂದು ಅವಳಿಗೆ ಅರಿವಾಗಿ ನಾಲಿಗೆ ಕಚ್ಚಿಕೊಂಡಳು. ನೋಡೋಣಪ್ಪ ನೀರು ಕುಡಿದು ಮುಗಿಸಿದ. "ಗೊತ್ತಮ್ಮ. ಆ ಲಿಫ್ಟಲ್ಲಿ ಮಾತಾಡುವಾಗ ಚೀಲ ಕೆಳಗಿಡು," ಎಂದಷ್ಟೇ ಹೇಳಿದ.

ಮಧ್ಯಾಹ್ನ ಮೇಡಮ್ ಅವನಿಗೆ ಹೇಳಿಕಳಿಸಿದರು. ಅವನು ಹೋಗುವ ಹೊತ್ತಿಗೆ ಹುಡುಗಿ ಅದೇ ಕೋಣೆಯಿಂದ ಕಾಯಂ ಆದ ಸಂತೋಷದಲ್ಲಿ ಹೊರಗೆ ಬರುತ್ತಿದ್ದಳು.

"ಫೋನ್ ಎತ್ತದೆ ಇದ್ದದ್ದಕ್ಕೆ ನಿಮ್ಮನ್ನ ಬೇರೆ ದಿನ ಬೈತೀನಿ," ಎಂದರು ಮೇಡಮ್. "ಇವತ್ತು ಬೇರೆ ಮಾತು. ಆ ಹುಡುಗಿ ನನಗೆ ಎಲ್ಲಾ ಹೇಳಿದಳು. ನಿಮ್ಮ ಸಲಹೇನ ಹೇಗೆ ತಗೋಬೇಕು ಅನ್ನೋದೂ ಹೇಳಿದಳು."

ಹೇಳುವಾಗ ಅವರ ತುಟಿಯಂಚಿನಲ್ಲಿ ನಗು ಇತ್ತು. ನೋಡೋಣಪ್ಪ ತಲೆ ತಗ್ಗಿಸಿದ.

"ನಾಲ್ಕನೇ ಮಹಡಿ ಕೋಣೆ ಖಾಲಿ ಆಯ್ತು. ನನ್ನ ಮನಸ್ಸು ಡೋಲಾಯಮಾನ ಆಗಿದೆ. ನೀವೇ ಹೇಳಿ. ನಿಮಗೆ ಕೊಡ್ಲಾ, ಬೇಡ್ವಾ?"

ತಗ್ಗಿಸಿದ ತಲೆಯೊಳಗೆ ಬೆಳಕು ಹರಿಯಿತು. ಮೇಡಮ್‌ಗೆ ಎಲ್ಲಾ ಗೊತ್ತು. ತಾನು ಕೊಡಿ ಎಂದರೆ ಕೊಡುವುದಿಲ್ಲ. ಬೇಡ ಎಂದರೆ... ನೋಡೋಣಪ್ಪನಿಗೆ ನಗು ಉಕ್ಕಿ ಬಂತು, ಕೆಮ್ಮಿ ತಡೆದುಕೊಂಡ. ಜೀವನದಲ್ಲಿ ಮೊದಲ ಸಲ ತನ್ನ ದೌರ್ಬಲ್ಯವೇ ತನಗೆ ಏಣಿಯಾಗಿ ಒದಗಿತ್ತು.

"ಬೇಡ ಮೇಡಮ್," ಎಂದ. "ದಯವಿಟ್ಟು ನನಗೆ ಕೊಡ್ಬೇಡಿ."

"ಯಾಕೆ?"

ಇನ್ನು ಅವನನ್ನು ಹಿಡಿಯುವವರೇ ಇರಲಿಲ್ಲ. "ನಾನು ಫೋನ್ ಎತ್ತದ ಮನುಷ್ಯ ಮೇಡಮ್. ಯಾವುದನ್ನೂ ತೀರ್ಮಾನ ಮಾಡಿದವನಲ್ಲ, ನೋಡೋಣ ಅಂತಾನೇ ಕಾಲ ಕಳೆದೆ. ಮೆಕ್ಯಾನಿಕ್‌ಗಳಿಗೆ ನನ್ನ ಕಂಡ್ರೆ ಆಗಲ್ಲ, ಅವರ ಹೆಸರೂ ನನಗೆ ಸರಿಯಾಗಿ ಗೊತ್ತಿಲ್ಲ. ಎರಡನೇ ಮಹಡೀಲಿ ಬಿಡಿಭಾಗ ನೋಡ್ಕೊಳ್ತಾರಲ್ಲ, ಆ ಅಮ್ಮನಿಗೆ ಕೊಡಿ. ಅವರು ದಿನಾ ಮೊದಲು ಬಂದು ಕೊನೆಗೆ ಹೋಗ್ತಾರೆ. ಕೇಳಿದ ಸಾಮಾನು ಕೇಳಿದ ದಿನಾನೇ ಕೊಡ್ತಾರೆ." ಒಂದೊಂದು ಮಾತೂ ತನ್ನ ಹೆಸರಿನ ಫಲಕಕ್ಕೆ ಒಂದೊಂದು ಮೊಳೆ ಹೊಡೆದಂತೆ ಅವನಿಗೆ ಕೇಳಿಸುತ್ತಿತ್ತು. ಹೇಳುತ್ತ ಹೇಳುತ್ತ ಅವನಿಗೇ ಒಂದು ವಿಚಿತ್ರ ಅನ್ನಿಸಿತು. ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ.

ಮೇಡಮ್ ಗಲ್ಲಕ್ಕೆ ಕೈಕೊಟ್ಟು ಪೂರ್ತಿ ಕೇಳಿದರು. ನೆಲಮಹಡಿಯ ಆ ಮನುಷ್ಯನ ಮಾತನ್ನು ಅಷ್ಟು ಗಮನವಿಟ್ಟು ಆ ಕಟ್ಟಡದಲ್ಲಿ ಯಾರೂ ಕೇಳಿರಲಿಲ್ಲ.

"ಬೇರೆ ದಿನ ಆಗಿದ್ರೆ ನಾನು ಇದಕ್ಕೆ ಉಲ್ಟಾ ಮಾಡ್ತಿದ್ದೆ," ಎಂದರು. "ಆದ್ರೆ ಇವತ್ತು ಬೆಳಿಗ್ಗೆ ನೀವು ಅಷ್ಟು ಮೆಟ್ಟಿಲು ಹತ್ತಿ ಬಂದು ಹೇಳಿದ್ರಲ್ಲ, ಅದನ್ನ ನಾನು ಕಣ್ಣಾರೆ ನೋಡ್ದೆ. ಇನ್ಮೇಲೆ ನಿಮ್ಮ ಮಾತನ್ನ ಉಲ್ಟಾ ಮಾಡಿದ್ರೆ ನಿಮಗೆ ಅವಮಾನ ಮಾಡಿದ ಹಾಗೆ. ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಆ ಬಿಡಿಭಾಗದ ಅಮ್ಮನಿಗೇ ಕೊಡ್ತೀನಿ. ತುಂಬಾ ಉಪಕಾರ ಆಯ್ತು."

ಅವರು ಎದ್ದು ಕೈಕುಲುಕಿದರು. ನೋಡೋಣಪ್ಪ ಕೈ ಕೊಟ್ಟ.

ಸಂಜೆ ಮನೆಗೆ ಬಂದಾಗ ಹೆಂಡತಿ ಯಾರದೋ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ಅವನ ಮುಖ ನೋಡಿಯೇ ಪಕ್ಕದ ಬಟ್ಟೆ ಸರಿಸಿ ಜಾಗ ಮಾಡಿದಳು. ಅವನು ಕುಳಿತ. ಚಪ್ಪಲಿ ಕೂಡ ಬಿಚ್ಚಿರಲಿಲ್ಲ.

"ಏನಾಯ್ತು ಕೋಣೆ?"

"ಮೇಡಮ್ ನನ್ನ ಸಲಹೆ ಕೇಳಿದ್ರು."

"ಹೇಳಿದ್ರಾ?"

"ಹೇಳ್ದೆ. ಎಲ್ಲಾ ಕೇಳಿಸ್ಕೊಂಡು, ನಾನು ಹೇಳಿದ ಹಾಗೇ ಮಾಡಿದ್ರು."

ಹೆಂಡತಿ ಸೂಜಿ ಕೆಳಗಿಟ್ಟಳು. ಈ ಸಲ ನಗಲಿಲ್ಲ. ಅವನ ಕೈ ಹಿಡಿದುಕೊಂಡು, ಎಷ್ಟೋ ವರ್ಷಗಳಲ್ಲಿ ತೋರಿಸದ ಕನಿಕರದಿಂದ ಕೇಳಿದಳು:

"ಅಯ್ಯೋ, ಹೇಳಿದ ಹಾಗೇನಾ?"